ಕ್ರಾಂತಿಗಳು ಮತ್ತು ಮಣ್ಣಾಳು

ಬಸ್ತಿಹಳ್ಳಿಯ ಬಸದಿಯಲ್ಲಿ ನಿಂತಿರುವ ಪಾರ್ಶ್ವನಾಥನಿಗೆ ಶಾಸನದಲ್ಲಿ ವಿಜಯಪಾರ್ಶ್ವ ಎಂದು ಹೆಸರು. 1133ರಲ್ಲಿ ಗಂಗರಾಜನ ಮಗ ಬೊಪ್ಪ ಇದನ್ನು ಕಟ್ಟಿಸಿದ ಹೊತ್ತಿಗೆ ದೊರೆ ವಿಷ್ಣುವರ್ಧನ ಯುದ್ಧ ಗೆದ್ದಿದ್ದನಂತೆ, ಅವನಿಗೆ ಗಂಡುಮಗುವೂ ಹುಟ್ಟಿತ್ತಂತೆ. ಆ ಸಂತೋಷಕ್ಕೆ ದೇವರ ಹೆಸರಿಗೂ ‘ವಿಜಯ’ ಸೇರಿಕೊಂಡಿತು. ಗೆದ್ದವನ ಹೆಸರುಂಟು, ಕಟ್ಟಿಸಿದವನ ಹೆಸರುಂಟು. ಕನ್ನಡಿಯಂಗೆ ಹೊಳೆಯುವ ಆ ಕಂಬಗಳ ಕಲ್ಲು ಎಳೆದವರ ಹೆಸರಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಮುಂದೆ ಹೊಯ್ಸಳರು ಹೋದರು, ವಿಜಯನಗರದವರು ಬಂದರು, ಬೇಲೂರು ನಾಯಕರು ಬಂದರು, ಮೈಸೂರಿನವರು ಬಂದರು, ಹೈದರ್ ಬಂದ, ಕಂಪನಿ ಬಂತು. ಅರಮನೆ ಊರೂರು ಬದಲಾಯಿಸಿತು. ಕೇರಿ ಮಾತ್ರ ಇದ್ದಲ್ಲೇ ಇತ್ತು.

ಆಳುವವರು ಬದಲಾಗುವುದೇ ಕ್ರಾಂತಿಯಾಗಿದ್ದರೆ ನಮ್ಮ ಹಳೇಬೀಡು ಸೀಮೆಯಷ್ಟು ಕ್ರಾಂತಿ ಕಂಡ ನೆಲ ಇನ್ನೊಂದು ಇರಲಾರದು. ಅಮೆರಿಕನ್ ಕ್ರಾಂತಿಗೆ ಕಾರಣಗಳೇನು, ಫ್ರೆಂಚ್ ಕ್ರಾಂತಿಯ ಪರಿಣಾಮಗಳೇನು ಎಂಬ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಪಾಸಾಗಿ ಬಂದವರು ನಾವು. ನಮ್ಮ ಅಪ್ಪ ಅವ್ವಂದಿರು ಆ ದೇಶಗಳ ಹೆಸರು ಕೇಳಿದವರಲ್ಲ. ಆ ಉತ್ತರವನ್ನೇ ಈಗ ಕೇರಿಯ ಕಡೆಯಿಂದ ಇನ್ನೊಂದು ಸಲ ಬರೆದು ನೋಡಬೇಕಾಗಿದೆ.

ಅದಕ್ಕೆ ಅಳತೆಗೋಲು ಬೇಕು. ಅದನ್ನು ಹುಡುಕಿಕೊಂಡು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಹಳೆಯ ಮೈಸೂರು ಗೆಜೆಟಿಯರು ಮಲೆನಾಡಿನ ಹೊಲೆಯರ ಬಗ್ಗೆ ಬರೆಯುತ್ತಾ ಎರಡು ಬಗೆಯ ಆಳುಗಳನ್ನು ಹೆಸರಿಸುತ್ತದೆ. ಒಡೆಯನ ಮನೆಯಲ್ಲೇ ಹುಟ್ಟಿ ತಲೆತಲಾಂತರ ಅಲ್ಲೇ ದುಡಿಯುವವನು ಹುಟ್ಟಾಳು. ಭೂಮಿ ಮಾರಿದಾಗ ಅದರ ಜೊತೆಗೇ ಮಾರಾಟವಾಗುವವನು ಮಣ್ಣಾಳು. ಮರ, ಬಾವಿ, ಆಳು ಎಲ್ಲಾ ಸೇರಿ ಒಂದೇ ಕ್ರಯ. ಯಾವ ಕ್ರಾಂತಿ ಎದುರಿಗೆ ಬಂದರೂ ನಾವು ಕೇಳಬೇಕಾದ್ದು ಇಷ್ಟೇ: ನಿನ್ನಿಂದ ಮಣ್ಣಾಳಿಗೆ ಏನಾಯ್ತು?

ಅಮೆರಿಕದವರ ಜಗಳ ತೆರಿಗೆಯಿಂದ ಶುರುವಾದದ್ದು. ಫ್ರಾನ್ಸಿನ ಜೊತೆ 1756ರಿಂದ ಏಳು ವರ್ಷ ಕಾದಾಡಿ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಆ ಭಾರವನ್ನು ವಸಾಹತುಗಳ ತಲೆಗೂ ಕಟ್ಟಲು 1765ರಲ್ಲಿ ಸ್ಟ್ಯಾಂಪ್ ಕಾಯ್ದೆ ತಂದರು. ಪಾರ್ಲಿಮೆಂಟಿನಲ್ಲಿ ನಮ್ಮವನೊಬ್ಬನಿಲ್ಲ, ನಮಗೆ ತೆರಿಗೆ ಹಾಕುವವರು ನೀವ್ಯಾರು ಅಂತ ಅಲ್ಲಿನವರು ತಿರುಗಿಬಿದ್ದರು. ನ್ಯಾಯವಾದ ಮಾತೇ. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹಾ ಯಾರದು ಗೊತ್ತೆ? ನಮ್ಮನ್ನು ಸುಲಿದ ಈಸ್ಟ್ ಇಂಡಿಯಾ ಕಂಪನಿಯದೇ. ಹೈದರ್ ಅಲಿ ಮದರಾಸು ಸೀಮೆಗೆ ನುಗ್ಗಿದ ಸುದ್ದಿ 1769ರಲ್ಲಿ ಲಂಡನ್ನಿಗೆ ಮುಟ್ಟಿದಾಗ ಕಂಪನಿಯ ಷೇರು ಬಿದ್ದುಹೋಗಿತ್ತು. ಮರುವರ್ಷ ಬಂಗಾಳದಲ್ಲಿ ಬರ ಬಿದ್ದು ಲಕ್ಷಾಂತರ ಜನ ಸತ್ತರು. ಕಂಪನಿಯ ನೌಕರರು ಕೊಬ್ಬಿದರು, ಕಂಪನಿ ದಿವಾಳಿಯ ಅಂಚಿಗೆ ಬಂತು. ಅದನ್ನು ಬದುಕಿಸಲು ಅದರ ಚಹಾವನ್ನು ಅಮೆರಿಕದ ಮೇಲೆ ಹೇರಿದರು. ನಮ್ಮ ಹೊಟ್ಟೆಯ ಮೇಲೆ ಹೊಡೆದ ಕೈಯೇ ಅವರ ಜೇಬಿಗೂ ಬಂದಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು.

ಇನ್ನು ಮಣ್ಣಾಳಿನ ಪ್ರಶ್ನೆ. ಎಲ್ಲ ಮನುಷ್ಯರೂ ಸಮಾನರು ಎಂದು 1776ರ ಜುಲೈನಲ್ಲಿ ಸಾರಿದ ಘೋಷಣೆಯನ್ನು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನು. ದಂಡಿನ ಮುಂದಾಳು ಜಾರ್ಜ್ ವಾಷಿಂಗ್ಟನ್ ಕೂಡ ಗುಲಾಮರ ಒಡೆಯನೇ. ಅವನ ಹತ್ತಿರ ಹ್ಯಾರಿ ಎಂಬೊಬ್ಬ ಗುಲಾಮನಿದ್ದ. ದಂಗೆಕೋರರ ಗುಲಾಮರು ನಮ್ಮ ಕಡೆ ಬಂದು ಕಾದಿದರೆ ಬಿಡುಗಡೆ ಕೊಡುತ್ತೇವೆ ಎಂದು 1775ರಲ್ಲಿ ಬ್ರಿಟಿಷ್ ಗವರ್ನರ್ ಡನ್‌ಮೋರ್ ಡಂಗುರ ಹೊಡೆಸಿದ. ಹ್ಯಾರಿ ಓಡಿಹೋದ, ಬ್ರಿಟಿಷರ ಕಡೆ ಸೇರಿದ. ಯುದ್ಧ ಮುಗಿದ ಮೇಲೆ ಕೆನಡಾಕ್ಕೆ, ಅಲ್ಲಿಂದ 1792ರಲ್ಲಿ ಆಫ್ರಿಕಾದ ಸಿಯರ್ರಾ ಲಿಯೋನಿಗೆ ಹೋದ. ಅಲ್ಲೂ ಬಿಳಿಯರ ಕಂಪನಿಯೊಂದು ಭೂಮಿಗೆ ಕಂದಾಯ ಕೇಳಿತು. 1800ರಲ್ಲಿ ಅದರ ವಿರುದ್ಧ ದಂಗೆಯೆದ್ದವರ ಜೊತೆ ಹ್ಯಾರಿ ನಿಂತ, ಗಡೀಪಾರಾದ. ಒಡೆಯ ತೆರಿಗೆ ಕೊಡಲ್ಲ ಅಂದದ್ದಕ್ಕೆ ರಾಷ್ಟ್ರಪಿತನಾದ. ಆಳು ಅದೇ ಮಾತು ಅಂದದ್ದಕ್ಕೆ ಗಡಿಯಾಚೆ ಬಿದ್ದ. ಸ್ವಾತಂತ್ರ್ಯದ ಆ ಯುದ್ಧದಲ್ಲಿ ಹ್ಯಾರಿ ದೇಶದ್ರೋಹಿಯೋ, ಅಲ್ಲವೋ? ಪಾಠ ಮಾಡುವ ಮೇಷ್ಟ್ರುಗಳು ಮಕ್ಕಳಿಗೆ ಈ ಪ್ರಶ್ನೆ ಹಾಕಿ ನೋಡಬೇಕು.

1787ರ ಸಂವಿಧಾನ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಲೆಕ್ಕ ಹಿಡಿಯಿತು. ಅದೂ ಅವನಿಗೆ ಓಟು ಕೊಡಲಿಕ್ಕಲ್ಲ, ಅವನ ಒಡೆಯನ ಸೀಮೆಗೆ ಹೆಚ್ಚು ಸೀಟು ಕೊಡಲಿಕ್ಕೆ! 1790ರಲ್ಲಿ ಆ ದೇಶದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ರ ಹೊತ್ತಿಗೆ ಸುಮಾರು 40 ಲಕ್ಷ ಆದರು. ಉತ್ತರದ ಕೆಲವು ರಾಜ್ಯಗಳು ನಿಧಾನಕ್ಕೆ ಗುಲಾಮಗಿರಿ ಕೈಬಿಟ್ಟವು, ಅದನ್ನೂ ಹೇಳಬೇಕು. ಆದರೆ ಇಡೀ ದೇಶದಲ್ಲಿ ಅದು ಹೋಗಲು 1865ರವರೆಗೆ, ಇನ್ನೊಂದು ಯುದ್ಧದವರೆಗೆ ಕಾಯಬೇಕಾಯಿತು.

ಫ್ರಾನ್ಸಿನ ಕಾರಣಗಳಲ್ಲೂ ಖಜಾನೆಯೇ ಮೊದಲು. ಬ್ರಿಟನ್ನಿನ ಮೇಲಿನ ಹಗೆಗೆ ಅಮೆರಿಕದ ಬಂಡಾಯಕ್ಕೆ ದುಡ್ಡು ಸುರಿದು ಅಲ್ಲಿನ ರಾಜ ದಿವಾಳಿಯಾಗಿದ್ದ. ಪಾದ್ರಿಗಳೂ ಶ್ರೀಮಂತರೂ ತೆರಿಗೆಯಿಂದ ಜಾರಿಕೊಂಡಿದ್ದರು. ಭಾರವೆಲ್ಲ ಮೂರನೆಯ ವರ್ಗದ ಮೇಲೆ. ಅದರ ಮೇಲೆ 1788ರ ಬೆಳೆ ಹೋಯಿತು, ರೊಟ್ಟಿಯ ಬೆಲೆ ಏರಿತು. ಜುಲೈ 14ರ ಬಾಸ್ತಿಲ್ ಎಲ್ಲರಿಗೂ ಗೊತ್ತು. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಬೇಸಗೆಯಲ್ಲಿ ಹಳ್ಳಿಗಳಲ್ಲಿ ಆದದ್ದು. ರೈತರು ಜಮೀನ್ದಾರರ ಕೋಟೆಮನೆಗಳಿಗೆ ನುಗ್ಗಿ ಲೆಕ್ಕದ ಪುಸ್ತಕಗಳನ್ನು ಹುಡುಕಿ ಹುಡುಕಿ ಸುಟ್ಟರು. ಬಿಟ್ಟಿ, ಕಾಣಿಕೆ, ಸುಂಕ ಎಲ್ಲಾ ಬರೆದಿಟ್ಟಿದ್ದ ಕಡತಗಳವು. ಜೀತದ ಪತ್ರ ಯಾರ ಪೆಟ್ಟಿಗೆಯಲ್ಲಿರುತ್ತೆ ಅನ್ನೋದು ತಿಳಿದವನಿಗೆ ಆ ಬೆಂಕಿಯ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆ ಕಂಡು ಹೆದರಿಯೇ ಆಗಸ್ಟ್ 4ರ ರಾತ್ರಿ ಸಭೆಯಲ್ಲಿ ಕೂತ ಶ್ರೀಮಂತರು ಎದ್ದೆದ್ದು ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟವರು ಆಮೇಲೆ, ಭೂಮಿಗೆ ಕಟ್ಟಿದ ಪಾವತಿಗಳಿಗೆ ಮಾತ್ರ ಪರಿಹಾರ ಕೊಡಿ ಅಂದರು. ರೈತರು ಕೊಡಲಿಲ್ಲ. 1793ರ ಜುಲೈನಲ್ಲಿ ಯಾವ ಪರಿಹಾರವೂ ಇಲ್ಲದೆ ಅವನ್ನೆಲ್ಲ ರದ್ದು ಮಾಡಬೇಕಾಯಿತು. ಮನುಷ್ಯನ ಹಕ್ಕುಗಳ ಘೋಷಣೆ ಬಂದರೂ ಇಂತಿಷ್ಟು ತೆರಿಗೆ ಕೊಡದವನಿಗೆ ಮೊದಲು ಓಟಿರಲಿಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. ಹೆಂಗಸಿನ ಹಕ್ಕುಗಳನ್ನು ಬರೆದ ಒಲಿಂಪ್ ದ ಗೂಜ್ 1793ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟಳು.

ಇಷ್ಟಾದರೂ ಫ್ರಾನ್ಸು ಅಮೆರಿಕಕ್ಕಿಂತ ಒಂದು ಹೆಜ್ಜೆ ಕೆಳಕ್ಕೆ ಇಳಿದು ಬಂದದ್ದು ನಿಜ. ಯಾಕೆಂದರೆ ಅಲ್ಲಿ ಹಸಿದವನು ತಾನೇ ಬೀದಿಗೆ ಬಂದಿದ್ದ. ಆದರೆ ಫ್ರಾನ್ಸಿನ ಮಣ್ಣಾಳು ಫ್ರಾನ್ಸಿನಲ್ಲಿರಲಿಲ್ಲ. ಅವನಿದ್ದದ್ದು ಸಮುದ್ರದಾಚೆ, ಸಾಂ-ದೊಮಿಂಗ್‌ನಲ್ಲಿ. ಇಂದಿನ ಹೈಟಿ.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ಓದಿದ ಪಾಠಗಳಲ್ಲಿ ಈ ಊರಿನ ಹೆಸರೇ ಇರಲಿಲ್ಲ.

1789ರಲ್ಲಿ ಆ ಸಣ್ಣ ವಸಾಹತಿನಲ್ಲಿ ಸುಮಾರು 5 ಲಕ್ಷ ಕಪ್ಪು ಗುಲಾಮರಿದ್ದರು. ಬಿಳಿಯರು 30-40 ಸಾವಿರ. ನಡುವೆ ಮಿಶ್ರ ರಕ್ತದ, ಬಿಡುಗಡೆಯಾದ ಜನ ಸುಮಾರು 30 ಸಾವಿರ. ಅವರಲ್ಲಿ ಕೆಲವರು ತೋಟಗಳಿಗೂ ಗುಲಾಮರಿಗೂ ಒಡೆಯರು. ಯೂರೋಪು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ನೆಲದ್ದು. ಸಕ್ಕರೆಯಲ್ಲೂ ದೊಡ್ಡ ಪಾಲು ಇಲ್ಲಿಯದೇ. ದುಡಿದು ದುಡಿದು ಆಳುಗಳು ಸಾಯುತ್ತಿದ್ದರು, ಹಡಗುಗಳು ಆಫ್ರಿಕಾದಿಂದ ಹೊಸ ಆಳುಗಳನ್ನು ತಂದು ಸುರಿಯುತ್ತಿದ್ದವು. ಪ್ಯಾರಿಸ್ಸಿನ ಸುದ್ದಿ ಬಂದಾಗ ಬಿಳಿಯರು ನಮಗೆ ಸ್ವಾಯತ್ತತೆ ಕೊಡಿ ಅಂದರು. ನಡುವಿನವರು ನಮಗೆ ಬಿಳಿಯರ ಸಮಾನ ಹಕ್ಕು ಕೊಡಿ ಅಂದರು. ಅವರ ಮುಂದಾಳು ವಿನ್ಸೆಂಟ್ ಓಜೆ, ಗುಲಾಮರ ಬಿಡುಗಡೆ ನಾನು ಕೇಳುತ್ತಿಲ್ಲ ಎಂದು ಒತ್ತಿ ಒತ್ತಿ ಹೇಳಿದ. ಆದರೂ 1791ರ ಫೆಬ್ರವರಿಯಲ್ಲಿ ಬಿಳಿಯರು ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಮೇಲಿನವನು ನಿನ್ನನ್ನು ಸಮಾನನೆಂದು ಒಪ್ಪಲಿ ಅಂತ ಕೆಳಗಿನವನ ಕೈಬಿಟ್ಟರೆ ಏನು ಸಿಕ್ಕುತ್ತದೆ ಎಂಬುದಕ್ಕೆ ಓಜೆಯ ಮೂಳೆಗಳು ಸಾಕ್ಷಿ. ಇಂಥ ಓಜೆಗಳು ನಮ್ಮಲ್ಲೂ ಎಷ್ಟು ಮಂದಿ!

ಅದೇ ವರ್ಷದ ಆಗಸ್ಟಿನಲ್ಲಿ ಗುಲಾಮರೇ ಎದ್ದರು. ಕಬ್ಬಿನ ಗದ್ದೆಗಳು ಉರಿದವು. ಅವರಲ್ಲಿ ತೆರಿಗೆಯ ಮಾತಿರಲಿಲ್ಲ. ತಮ್ಮ ಮೈ ತಮಗೆ ಬೇಕು ಎಂಬುದೊಂದೇ ಕಾರಣ. 1793ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಿಂದ ಬಂದಿದ್ದ ಕಮಿಷನರ್ ಸೊಂತೊನಾ ಬಿಡುಗಡೆ ಘೋಷಿಸಿದ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಅದಕ್ಕೆ ಮುದ್ರೆ ಒತ್ತಿತು. ಇದನ್ನು ಫ್ರಾನ್ಸು ಕೊಟ್ಟ ವರ ಅನ್ನುವವರಿದ್ದಾರೆ. ಕೈಗೆ ಬಂದಾಗಿದ್ದನ್ನು ಕೊಟ್ಟೆ ಅನ್ನುವುದು ಆಳುವವರ ಹಳೇ ಚಾಳಿ. ಹಾಗಂತ ಪ್ಯಾರಿಸ್ಸಿನ ಬಡವರು ಬೀದಿಯಲ್ಲಿಲ್ಲದಿದ್ದರೆ ಆ ಮುದ್ರೆ ಬೀಳುತ್ತಿತ್ತೆ ಎಂಬುದೂ ಅನುಮಾನವೇ. 1802ರಲ್ಲಿ ನೆಪೋಲಿಯನ್ ಅದನ್ನು ಅಳಿಸಲು ಹೊರಟ. ಗುಲಾಮನಾಗಿ ಹುಟ್ಟಿ ಸೇನಾಪತಿಯಾಗಿ ಬೆಳೆದ ತೂಸಾಂ ಲೂವೆರ್ಚೂರನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಹಿಮದ ಕೋಟೆಯೊಂದರಲ್ಲಿ ಕೂಡಿಹಾಕಿದರು. 1803ರ ಏಪ್ರಿಲ್‌ನಲ್ಲಿ ಅವನು ಅಲ್ಲೇ ಸತ್ತ. ಆದರೂ ನೆಪೋಲಿಯನ್ನನ ದಂಡು ಕಾಮಾಲೆ ಜ್ವರಕ್ಕೂ ಕಪ್ಪು ಜನರ ಕತ್ತಿಗೂ ಸಿಕ್ಕಿ ಸೋತಿತು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಮರುವರ್ಷದ ಅದರ ಸಂವಿಧಾನ ಇಲ್ಲಿನ ಪ್ರಜೆಗಳನ್ನೆಲ್ಲ ಇನ್ನು ಮುಂದೆ ‘ಕಪ್ಪು ಜನ’ ಎಂದೇ ಕರೆಯಬೇಕು ಅಂದಿತು. ಬೈಗುಳವಾಗಿದ್ದ ಮಾತೇ ಪೌರತ್ವವಾಯಿತು. ‘ದಲಿತ’ ಎಂಬ ಮಾತನ್ನು ಎದೆಗೆ ಚುಚ್ಚಿಕೊಂಡ ನಮಗೆ ಇದು ದೂರದ್ದೆನಿಸುವುದಿಲ್ಲ.

ಇದನ್ನು ಬರೀ ಹಾಡಿ ಹೊಗಳುವಂತೆಯೂ ಇಲ್ಲ. ತೂಸಾಂ ತಾನೇ ಆಳುವ ಕಾಲಕ್ಕೆ, ತೋಟಗಳು ನಿಲ್ಲಬಾರದು ಅಂತ ಬಿಡುಗಡೆಯಾದವರನ್ನು ಮತ್ತೆ ಅದೇ ತೋಟಗಳಿಗೆ ಕಟ್ಟಿದ. ಕೂಲಿಗಳು 1801ರಲ್ಲಿ ತಿರುಗಿಬಿದ್ದಾಗ ಅವರ ಪರ ಎಂದು ಹೆಸರಾಗಿದ್ದ ತನ್ನ ಸಾಕುಮಗನಂಥ ಮೊಯೀಸ್‌ನನ್ನು ಗುಂಡಿಟ್ಟು ಕೊಲ್ಲಿಸಿದ. ಅದಾದ ಮೇಲೂ ಜನ ಸುಮ್ಮನಾಗಲಿಲ್ಲ. ತುಂಡು ತುಂಡು ಭೂಮಿ ಹಿಡಿದು, ತಮ್ಮ ಹೊಟ್ಟೆಗೆ ಬೇಕಾದ್ದು ಬೆಳೆದುಕೊಂಡು, ದೊಡ್ಡ ತೋಟಗಳನ್ನು ಒಡೆದುಬಿಟ್ಟರು. ಅದಕ್ಕೆ ಹೊರಗಿನವರು ಹಾಕಿದ ದಂಡ ನೋಡಿ. ಅಮೆರಿಕ 1862ರವರೆಗೆ ಹೈಟಿಯನ್ನು ದೇಶವೆಂದು ಒಪ್ಪಲಿಲ್ಲ. 1825ರಲ್ಲಿ ಫ್ರಾನ್ಸು ಯುದ್ಧನೌಕೆ ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೊಡಿ ಅಂದಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಆಸ್ತಿ ಅಂದರೆ ಮನುಷ್ಯರೂ ಸೇರಿ. ತಮ್ಮ ಮೈಗೆ ತಾವೇ ಬೆಲೆ ಕಟ್ಟಿ ಕೊಟ್ಟರು. ಅದಕ್ಕಾಗಿ ಮಾಡಿದ ಸಾಲಗಳು ಪೂರ್ತಿ ತೀರಿದ್ದು 1947ರಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಈ ಅಲೆ ಕನ್ನಡ ನಾಡಿಗೆ ಮುಟ್ಟಲಿಲ್ಲವೆ? ಮುಟ್ಟಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕಸಿದದ್ದು. ಸಕಲೇಶಪುರದ ಹತ್ತಿರ ಮಂಜರಾಬಾದಿನಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ ಫ್ರೆಂಚ್ ಮಾದರಿಯದು. 1797ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗಿನವನು ಶ್ರೀರಂಗಪಟ್ಟಣದಲ್ಲಿ ಜಾಕೋಬಿನ್ ಕ್ಲಬ್ಬು ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ಸುಲ್ತಾನನನ್ನು ‘ಪ್ರಜೆ ಟಿಪ್ಪು’ ಅಂತ ಕರೆದ ಎಂದು ಕಂಪನಿಯವರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಆ ಕಾಗದಗಳನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಜಗಳವಿದೆ. ಜಗಳ ಅವರಿಗಿರಲಿ. ನಮ್ಮ ಕಣ್ಣಿಗೆ ಬೀಳುವುದು ಬೇರೆ. ಟಿಪ್ಪು ನೆರವು ಕೇಳಿ ದೂತರನ್ನು ಕಳಿಸಿದ ಮಾರಿಷಸ್ ದ್ವೀಪದ ಫ್ರೆಂಚರು 1794ರ ಬಿಡುಗಡೆಯ ಆಜ್ಞೆಯನ್ನು ಜಾರಿ ಮಾಡಲು ಪ್ಯಾರಿಸ್ಸಿನಿಂದ ಬಂದ ಅಧಿಕಾರಿಗಳನ್ನು 1796ರಲ್ಲಿ ಹಡಗಿಗೆ ಹತ್ತಿಸಿ ಓಡಿಸಿದ್ದರು. ಮನೆಯಲ್ಲಿ ಗುಲಾಮರನ್ನು ಬಿಡದವರು ಕಾವೇರಿ ದಡದಲ್ಲಿ ಸ್ವಾತಂತ್ರ್ಯದ ಮರಕ್ಕೆ ನೀರು ಹೊಯ್ಯಲು ನೂರು ಜನರನ್ನೂ ಕಳಿಸಲಿಲ್ಲ. ಟಿಪ್ಪು ಕಂಪನಿಯ ಎದುರು ಬಗ್ಗದೆ 1799ರಲ್ಲಿ ಸತ್ತ; ಆ ಗೌರವ ಅವನದೇ. ಆದರೆ ಅವನು ರಾಜನೇ ಹೊರತು ಜಾಕೋಬಿನ್ ಅಲ್ಲ. ಅವನಾದ ಮೇಲೆ ಐಗೂರಿನ ಪಾಳೇಗಾರನನ್ನು 1802ರಲ್ಲಿ ಬೇಟೆಯಾಡಿ ಗಲ್ಲಿಗೇರಿಸಿದ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ನಮ್ಮ ಜಿಲ್ಲೆಯ ಕಾಡು ಅವನಿಗೆ ಗರಡಿಮನೆಯಾಗಿತ್ತು.

ಈ ಸುದ್ದಿಗಳೆಲ್ಲ ಅರಮನೆಯವು. ಹಳ್ಳಿಯಿಂದ ಎದ್ದದ್ದು 1830ರ ನಗರದ ದಂಗೆ. ಕಂಪನಿ ಪಟ್ಟಕ್ಕೆ ಕೂರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ವರ್ಷವರ್ಷವೂ ಅದಕ್ಕೆ ಪೊಗದಿ ಕಟ್ಟಬೇಕು. ಖಜಾನೆ ಬರಿದು. ಇಷ್ಟು ಹಣ ಎತ್ತಿಕೊಡುತ್ತೇನೆ ಅಂತ ಶರತ್ತು ಬರೆದುಕೊಟ್ಟ ಅಮಲ್ದಾರರು ರೈತರನ್ನು ಹಿಂಡಿದರು. ಧಾನ್ಯದ ಬೆಲೆ ಬಿದ್ದಿತ್ತು, ಕಂದಾಯ ಇಳಿದಿರಲಿಲ್ಲ. ಪ್ಯಾರಿಸ್ಸಿನಲ್ಲಿ ಜುಲೈ 1830ರಲ್ಲಿ ಮತ್ತೊಂದು ರಾಜ ಓಡಿಹೋದ ವರ್ಷವೇ ನಮ್ಮ ಶಿವಮೊಗ್ಗ ಸೀಮೆಯ ರೈತರು ಊರೂರಿಗೆ ಓಲೆ ಕಳಿಸಿ ‘ಕೂಟ’ ಸೇರಿದರು, ಕಂದಾಯ ಕೊಡುವುದಿಲ್ಲ ಎಂದರು. ಎಂಥ ಒಳ್ಳೇ ಮಾತು, ಕೂಟ! ಫ್ರೆಂಚರ ಅಸೆಂಬ್ಲಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೇ ಹೆಸರಿಲ್ಲ. ಆದರೆ ಕೂಟದ ಮುಂದೆ ನಿಂತವರು ಬಹುಮಟ್ಟಿಗೆ ಪಟೇಲರು, ಹಿಡುವಳಿ ಇದ್ದವರು. ಕೆಳದಿಯ ವಾರಸುದಾರ ನಾನೇ ಅಂತ ಬೂದಿ ಬಸವಪ್ಪ ಬಂದ, ತರೀಕೆರೆಯ ಪಾಳೇಗಾರರು ಸೇರಿಕೊಂಡರು. ಕಂದಾಯದ ಜಗಳ ಸಿಂಹಾಸನದ ಜಗಳವಾಗಿ ತಿರುಗಿತು. 1831ರ ಜೂನಿನಲ್ಲಿ ಕಂಪನಿಯ ದಂಡು ನಗರವನ್ನು ಹಿಡಿಯಿತು. ಅಕ್ಟೋಬರಿನಲ್ಲಿ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಎತ್ತಿಕೊಂಡ. ಐವತ್ತು ವರ್ಷ, 1881ರವರೆಗೆ ಕಮಿಷನರುಗಳ ಆಳ್ವಿಕೆ. ಶರತ್ತು ಹೋಯಿತು, ರಾಜ ಮೂಲೆಗೆ ಹೋದ. ಮಣ್ಣಾಳು? ಮಣ್ಣಿನಲ್ಲೇ ಇದ್ದ. ಅವನ ಮಾತನ್ನು ಯಾವ ಕೂಟವೂ ತನ್ನ ಓಲೆಯಲ್ಲಿ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ನಗರದ ದಂಗೆಯನ್ನು ಅಮೆರಿಕದ ಪಕ್ಕದಲ್ಲಿಟ್ಟು ನೋಡಬೇಕೇ ಹೊರತು ಹೈಟಿಯ ಪಕ್ಕದಲ್ಲಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಕಂದಾಯ ಕಟ್ಟುವವನ ಸಿಟ್ಟು ಒಂದು, ಕಂದಾಯದ ಲೆಕ್ಕದಲ್ಲಿ ಆಸ್ತಿಯಾಗಿ ಬರುವವನ ಸಿಟ್ಟು ಇನ್ನೊಂದು. ಮೊದಲಿನವನು ಗೆದ್ದರೂ ಸೋತರೂ ಎರಡನೆಯವನ ಜಾಗ ಅಲುಗುವುದಿಲ್ಲ.

1831ರ ಕೊನೆಯಲ್ಲಿ ಜಮೈಕಾದ ಗುಲಾಮರು ಎದ್ದರು. ಅದರ ಬಿಸಿಗೆ 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ, ಗುಲಾಮರಿಗೆ ಒಂದು ಕಾಸೂ ಇಲ್ಲ. ಆ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟರು. ಇಲ್ಲಿಗೆ 1843ರಲ್ಲಿ ಬಂದ ಕಾಯ್ದೆ, ಗುಲಾಮನ ಮೇಲಿನ ಒಡೆತನವನ್ನು ಕೋರ್ಟು ಒಪ್ಪುವುದಿಲ್ಲ ಎಂದಿತಷ್ಟೇ. ಕೋರ್ಟಿನ ಮೆಟ್ಟಿಲು ಮುಟ್ಟಲೂ ಆಗದವನಿಗೆ ಆ ಸುದ್ದಿ ಹೇಳಿದವರ್ಯಾರು? ಸರಿಸುಮಾರು ಅದೇ ಹೊತ್ತಿಗೆ ಮಂಜರಾಬಾದಿನ ಗುಡ್ಡಗಳಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು. ಹೈಟಿಯ ಗುಲಾಮ ಎಸೆದ ಗಿಡ ನಮ್ಮ ಅಜ್ಜಂದಿರ ಕೈಗೆ ಬಂತು ಅನ್ನಬಹುದು. ಸಂಕೋಲೆಯ ಹೆಸರು ಮಾತ್ರ ಬದಲಾಯಿತು. ಈಗ ಅದರ ಹೆಸರು ಮುಂಗಡ.

1873ರಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅಮೆರಿಕದಲ್ಲಿ ಕಪ್ಪು ಜನರ ಬಿಡುಗಡೆಗೆ ದುಡಿದವರಿಗೆ ಅರ್ಪಿಸಿದರು. 1776ರವರಿಗಲ್ಲ, 1865ರವರಿಗೆ. 1927ರ ಡಿಸೆಂಬರಿನಲ್ಲಿ ಮಹಾಡದ ಸಭೆಯನ್ನು ಬಾಬಾಸಾಹೇಬರು 1789ರ ಫ್ರೆಂಚರ ಸಭೆಗೆ ಹೋಲಿಸಿ ಮಾತಾಡಿದರು; ಅದೇ ಸಭೆಯಲ್ಲಿ ಮನುಸ್ಮೃತಿ ಉರಿಯಿತು. ಫ್ರೆಂಚ್ ರೈತರು ಸುಟ್ಟದ್ದು ಜಮೀನ್ದಾರನ ಕಡತ. ನಮ್ಮವರು ಸುಟ್ಟದ್ದು ಕಡತಗಳ ಕಡತವನ್ನು. ಆದರೆ 1954ರಲ್ಲಿ ಆಕಾಶವಾಣಿಯಲ್ಲಿ ಮಾತಾಡುತ್ತಾ ಅವರು, ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ನನಗೆ ಬಂದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದರು. ಫ್ರಾನ್ಸಿನ ಕ್ರಾಂತಿ ಸಮಾನತೆಯನ್ನು ತರಲಾರದೆ ಹೋಯಿತು ಎಂಬುದೂ ಅವರ ಮಾತೇ. ಮಾರಿಷಸ್ಸಿನ ಫ್ರೆಂಚರನ್ನು ನೋಡಿದ ಮೇಲೆ ಆ ಮಾತು ನಮಗೆ ಇನ್ನಷ್ಟು ಸರಿಯಾಗಿ ಕೇಳಿಸುತ್ತದೆ.

1974ರ ಮಾರ್ಚ್‌ನಿಂದ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂತು. ದೊಡ್ಡ ಬದಲಾವಣೆ, ಇಲ್ಲವೆನ್ನಲಾಗದು. ಗೇಣಿದಾರರು ನಮೂನೆ 7 ತುಂಬಿಕೊಟ್ಟು ಹೊಲ ಪಡೆದರು. ನಮ್ಮ ಜನರಲ್ಲಿ ಗೇಣಿದಾರರೆಷ್ಟು? ಬಹಳ ಮಂದಿ ಕೂಲಿ, ಜೀತ. ಆಳಿಗೆ ನಮೂನೆ ಇರಲಿಲ್ಲ. 1976ರಲ್ಲಿ ಜೀತ ರದ್ದಿನ ಕಾಯ್ದೆ ಬಂತು, ಸಾಲ ಹೋಯಿತು, ಭೂಮಿ ಬರಲಿಲ್ಲ. ಭೂಸುಧಾರಣೆ ಕಾಯ್ದೆಯ 104ನೇ ಕಲಮು ಕಾಫಿ, ಚಹಾ, ರಬ್ಬರು, ಏಲಕ್ಕಿ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. 2020ರ ತಿದ್ದುಪಡಿ ಬೇಸಾಯ ಮಾಡದವರಿಗೂ ಹೊಲ ಕೊಳ್ಳುವ ಬಾಗಿಲು ತೆರೆಯಿತು.

ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯ ಮೇಷ್ಟ್ರುಗಳಿಗೂ ವಿದ್ಯಾರ್ಥಿ ಗೆಳೆಯರಿಗೂ ನಮ್ಮದೊಂದು ಕೇಳಿಕೆ. ಕೇರಿಗಳಲ್ಲಿ ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ. ಅವರ ಅಜ್ಜ ಯಾವ ಗದ್ದೆಯ ಜೊತೆ ಯಾರಿಂದ ಯಾರಿಗೆ ಹೋದ, ಮುಂಗಡ ಎಷ್ಟಿತ್ತು, ಪತ್ರ ಯಾರ ಮನೆಯಲ್ಲಿತ್ತು, ಕೇಳಿ ಬರೆದುಕೊಳ್ಳಿ. ಹೊಲದ ಹೆಸರು, ಊರಿನ ಹೆಸರು ತಪ್ಪದೆ ಹಾಕಿ. ಬರೆದದ್ದನ್ನು ಪತ್ರಿಕೆಗೆ ಕಳಿಸಿ.